ಎಂಜಿನ್ ಮೇಲಿನ ಚಹಾ

ಕಡ್ಡಿರಾಂಪುರದ ರಸ್ತೆಬದಿಯ ಆ ಮೆಕ್ಯಾನಿಕ್ ಯಾರ ಮಾತಿಗೂ ಕಿವಿಗೊಡುತ್ತಿರಲಿಲ್ಲ. "ನೀವು ಹೇಳಬ್ಯಾಡ್ರಿ, ಗಾಡಿ ಹೇಳ್ಲಿ," ಎನ್ನುತ್ತಿದ್ದರು. ನನಗದು ಜಂಬವೆನಿಸುತ್ತಿತ್ತು.

ನನ್ನ ಹಳೆಯ ಕಾರು ನಿಂತಲ್ಲೇ ನಡುಗಿ ಆಫ್ ಆಗುತ್ತಿತ್ತು. ಗುಜರಿಗೆ ಹಾಕುವುದೆಂದು ತೀರ್ಮಾನಿಸಿದ್ದರೂ ಕೊನೆಯದಾಗಿ ಅವರ ಬಳಿ ತಂದೆ. ಅವರು ಓಡುವ ಎಂಜಿನ್ ಮೇಲೆ ಚಹಾದ ಗ್ಲಾಸಿಟ್ಟು, ಅದನ್ನೇ ದಿಟ್ಟಿಸುತ್ತ ಒಂದೊಂದೇ ಸೆನ್ಸಾರಿನ ವೈರು ಬಿಚ್ಚುತ್ತ ಹೋದರು. ಒಂದನ್ನು ಬಿಚ್ಚಿದ್ದೇ ತಡ, ಚಹಾದ ನಡುಕ ನಿಂತಿತು.

"ಎಂಜಿನ್ ಚಲೋ ಐತ್ರಿ. ಗಾಳಿ ಅಳೆಯೋ ಈ ಸೆನ್ಸಾರ್ ಅದಕ್ಕ ಸುಳ್ಳು ಹೇಳಾಕತ್ತೈತಿ."

"ಭಾಳ ಉಪಕಾರ ಆತ್ರಿ," ಎಂದೆ ಹಿಂದಿನಿಂದ. ಅವರು ತಿರುಗಲಿಲ್ಲ.

ಪಕ್ಕದ ಚಹಾದಂಗಡಿಯಾಕೆ ಹೇಳಿದಳು: "ಎದುರಿಗೆ ನಿಂತು ಹೇಳ್ರಿ ಅಣ್ಣಾರ. ಸಂಡೂರಿನ ಗಣಿಯಾಗ ದುಡಿದು, ಆ ಸದ್ದಿಗೆ ಅವರ ಕಿವಿ ಹೋಗ್ಯಾವ."

ಎದುರಿಗೆ ಹೋಗಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ, ಎಂಜಿನ್ನಿನ ಬಿಸಿಗೆ ಆರದೆ ಉಳಿದಿದ್ದ ಆ ಚಹಾವನ್ನು ನನ್ನ ಕೈಗಿಟ್ಟರು.