ಅಪ್ಪಾಸಾಹೇಬ ತಿನ್ನದ ಸ್ಯಾಂಡ್‌ವಿಚ್

ಜತ್ತ ತಾಲೂಕಿನ ವಳಸಂಗದ ಅಪ್ಪಾಸಾಹೇಬ ಬಿರಾದಾರ ಹನ್ನೊಂದು ವರ್ಷ ಮಸ್ಕತ್ತಿನಲ್ಲಿದ್ದ. ಅಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ ದಾಕ್ಷಾಯಣಿ, "ಬ್ರೆಡ್ಡಿನ ಖಾತೇದಾಗ ಅದಾರ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಬ್ರೆಡ್ಡು ಇದ್ದೇ ಇತ್ತು. ಎರಡು ಬ್ರೆಡ್ಡಿನ ನಡುವೆ ಏನಿತ್ತೆಂದು ಅವನು ಫೋನಿನಲ್ಲಿ ಎಂದೂ ಹೇಳಿರಲಿಲ್ಲ; ಇವಳೂ ಕೇಳಿರಲಿಲ್ಲ.

ನಡುವೆ ಇದ್ದದ್ದು ದನದ ಮಾಂಸ. ತೆಳ್ಳಗೆ ಹೆರೆದ ಮಾಂಸ, ಕೆಂಪಗೆ ಹುರಿದ ಉಳ್ಳಾಗಡ್ಡಿ, ಮೇಲೆ ಎರಡು ಹಾಳೆ ಚೀಸ್. ದಿನಕ್ಕೆ ಇನ್ನೂರು ಸ್ಯಾಂಡ್‌ವಿಚ್ಚು ಅವನ ಕೈಯಿಂದ ಹೋಗುತ್ತಿದ್ದವು. ಕೊರಳಲ್ಲಿ ಲಿಂಗ, ಕೈಗೆ ಪ್ಲಾಸ್ಟಿಕ್ ಗವಸು, ಗವಸಿನಲ್ಲಿ ಚಿಮಟ. ಒಂದು ಚೂರನ್ನೂ ಅವನು ಬಾಯಿಗಿಡಲಿಲ್ಲ. ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಡಬ್ಬಿಯ ಅನ್ನ-ಸಾರು ಉಣ್ಣುತ್ತಿದ್ದ. ಉಪ್ಪನ್ನು ಚಮಚೆಯಿಂದ ಅಳೆಯುತ್ತಿದ್ದ, ಹದವನ್ನು ಕಿವಿಯಿಂದ. ಕರಗಿದ ಚೀಸ್ ಅಂಚು ದಾಟಿ ಹಂಚಿಗೆ ತಗಲಿ ಚುಂಯ್ ಎಂದಿತೋ, ಅದೇ ಗಳಿಗೆಗೆ ತೆಗೆಯಬೇಕು. ರುಚಿ ನೋಡುವುದು ಮಾಲೀಕನ ಕೆಲಸ. ಆತ ಒಂದು ತುತ್ತು ತಿಂದು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ. ಅಷ್ಟರಿಂದಲೇ ತಾನು ಒಳ್ಳೆಯ ಬಾಣಸಿಗ ಎಂದು ಅಪ್ಪಾಸಾಹೇಬ ನಂಬಿದ್ದ.

ಹೋದ ವರ್ಷ ಅಂಗಡಿ ಮುಚ್ಚಿತು, ಅವನು ಊರಿಗೆ ಬಂದ. ಬಂದ ವಾರದಲ್ಲೇ ಹತ್ತನೆಯ ಇಯತ್ತೆಯ ಮಗಳು ದೀಪಾಲಿ ಅಪ್ಪನ ಫೋನಿನಲ್ಲಿ ಫೋಟೋ ನೋಡುತ್ತ ಕುಳಿತಿದ್ದಳು. ಒಂದರಲ್ಲಿ ಅಪ್ಪ ಅಂಗಡಿಯ ಫಲಕದ ಕೆಳಗೆ ತಟ್ಟೆ ಹಿಡಿದು ನಿಂತಿದ್ದ. ಇಂಗ್ಲಿಷ್ ಓದಲು ಬಂದದ್ದರ ಹೆಮ್ಮೆಯಲ್ಲಿ ಹುಡುಗಿ ಫಲಕವನ್ನು ಗಟ್ಟಿಯಾಗಿ ಓದಿ, ಅಜ್ಜಿಗೆ ತಿಳಿಯಲೆಂದು ಕನ್ನಡದಲ್ಲೂ ಹೇಳಿದಳು.

ಅಜ್ಜಿ ಶಿವಲಿಂಗವ್ವ ಆರಿಸುತ್ತಿದ್ದ ಜೋಳದ ಮೊರ ಕೆಳಗಿಟ್ಟಳು.

"ಅಪ್ಪೂ, ತಿಂದೀ ಏನು?"

"ಇಲ್ಲವ್ವಾ. ಲಿಂಗದ ಮ್ಯಾಲ ಕೈ ಇಟ್ಟು ಹೇಳ್ತೀನಿ. ನಾಲಿಗಿಗೆ ಸುದ್ದಾ ಹಚ್ಚಿಲ್ಲ."

ಶಿವಲಿಂಗವ್ವ ಮಗನ ಮುಖ ನೋಡಿದಳು. "ನಂಬೀನಿ. ಕೈ ಮುಟ್ಟಿದ್ದು ತೊಳಕೊಂಡ್ರ ಹೋಕ್ಕೈತಿ. ನಾಲಿಗಿ ತೊಳಿಯಾಕ ಬರಂಗಿಲ್ಲ. ನೀ ನಾಲಿಗಿ ಉಳಿಸ್ಕೊಂಡೀ, ಅಷ್ಟ ಸಾಕು." ಮೊರ ಮತ್ತೆ ಕೈಗೆತ್ತಿಕೊಂಡು, "ಆದ್ರೂ ಒಂದ್ಸಲ ಗುಡ್ಡಾಪುರಕ್ಕ ಹೋಗಿ ದಾನಮ್ಮಗ ಕಾಯಿ ಒಡಸೂಣು" ಎಂದಳು.

ಅಲ್ಲಿಯವರೆಗೆ ವಿಷಯ ಮನೆಯ ನಾಲ್ಕು ಮಂದಿಗೆ ಮಾತ್ರ ಗೊತ್ತಿತ್ತು. ಗುಡ್ಡಾಪುರದಲ್ಲಿ ಶಿವಲಿಂಗವ್ವ ಕಾಯಿ ಒಡೆಸಿದಳು, ದಾಸೋಹಕ್ಕೆ ಅಕ್ಕಿ-ಬೇಳೆ ಕೊಟ್ಟಳು, ಪಂಕ್ತಿಯಲ್ಲಿ ಪಕ್ಕ ಕುಳಿತ ತಮ್ಮೂರ ಇಂದ್ರಾಬಾಯಿ ಯಾವ ಹರಕೆ ಎಂದು ಕೇಳಿದಾಗ ಸುಳ್ಳು ಹೇಳಲು ಬಾರದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ತಿಂದಿಲ್ಲ" ಎಂಬುದನ್ನು ಮೂರು ಸಲ ಹೇಳಿದಳು. ಇಂದ್ರಾಬಾಯಿ ವಳಸಂಗ ಮುಟ್ಟುವ ಹೊತ್ತಿಗೆ ಅದೊಂದು ಮಾತು ದಾರಿಯಲ್ಲೇ ಉದುರಿತ್ತು. ಪ್ರಾಯಶ್ಚಿತ್ತ ಮಾಡಿಸಿದ್ದಾರೆಂದರೆ ಪಾಪ ಇರಲೇಬೇಕಲ್ಲ ಎಂದು ಊರು ಲೆಕ್ಕ ಹಾಕಿತು.

ಅಪ್ಪಾಸಾಹೇಬನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ನಮಸ್ಕಾರ ಮಾಡಿ, ಸ್ವಲ್ಪ ನಕ್ಕು ಮುಂದೆ ಹೋಗುತ್ತಿದ್ದರು. ಎದುರಿಗೆ ಬಂದವನು ಪಕ್ಕದ ಮನೆಯ ಶಿದ್ರಾಯನೊಬ್ಬನೇ. ಅವನು ಕುರಿ ಸಾಕುವವನು. ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಗೋಣಿತಟ್ಟಿನ ಮೇಲೆ ಕುಳಿತವರು.

"ಅಪ್ಪಾಸಾಬ, ರವಿವಾರ ಅಳಿಯಾ ಬರ್ತಾನ. ಸಾಂಗ್ಲಿಯಾಗ ನೌಕರಿ, ನಾಲಿಗಿಗೆ ರುಚಿ ಭಾಳ ಬೇಕು. ನಿನ್ನ ಮಸ್ಕತ್ ಬ್ರೆಡ್ ಮಾಡಿ ಕೊಡು. ದನದ್ದು ನಾವೂ ತಿನ್ನಂಗಿಲ್ಲ, ನಂದ ಟಗರ ಐತಿ."

"ಮಾಡ್ತೀನಿ. ಆದ್ರ ನಾ ಅದನ್ನ ತಿಂದಿಲ್ಲೋ ಮಾರಾಯಾ. ರುಚಿ ಹೆಂಗಿರತೈತಿ ನನಗ ಗೊತ್ತಿಲ್ಲ."

ಶಿದ್ರಾಯ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಮುಂದ ಯಾಕೋ ಸೋಗು? ನಾ ಏನ್ ನಿಮ್ಮವ್ವ ಏನು?"

ರವಿವಾರ ಹನ್ನೊಂದು ಗಂಟೆಗೆ ಅಪ್ಪಾಸಾಹೇಬ ಜತ್ತದಿಂದ ಬ್ರೆಡ್ಡು, ಚೀಸ್ ತಂದು ಶಿದ್ರಾಯನ ಅಂಗಳದಲ್ಲಿ ನಿಂತ. ಗವಸು ಹಾಕಿಕೊಂಡ. ಶಿದ್ರಾಯನ ಹೆಂಡತಿ ಹಣಮವ್ವ ಮಟನ್ನನ್ನು ಎಲುಬು ಬಿಡುವ ತನಕ ಬೇಯಿಸಿ ಇಟ್ಟಿದ್ದಳು. ಅವನು ಅದನ್ನು ಚಿಮಟದಿಂದ ಎಳೆಎಳೆಯಾಗಿ ಬಿಡಿಸಿದ, ಉಳ್ಳಾಗಡ್ಡಿಯನ್ನು ಬೆಣ್ಣೆಯಲ್ಲಿ ಹುರಿದ, ಬ್ರೆಡ್ಡಿನ ಮೇಲೆ ಹರಡಿ ಚೀಸ್ ಹೊದಿಸಿದ. ಮಸ್ಕತ್ತಿನಲ್ಲಿ ಒತ್ತುವ ಯಂತ್ರವಿತ್ತು. ಇಲ್ಲಿ ಕರೆಂಟೇ ಇರಲಿಲ್ಲ. ರೊಟ್ಟಿಯ ಹಂಚಿನ ಮೇಲಿಟ್ಟು, ಮೇಲೊಂದು ತಾಟು, ತಾಟಿನ ಮೇಲೆ ಖಾರ ಅರೆಯುವ ಗುಂಡುಕಲ್ಲು ಹೇರಿ ಕಿವಿಗೊಟ್ಟು ಕುಳಿತ. ಚುಂಯ್ ಎಂದಿತು. ತೆಗೆದ.

ಮೊದಲನೆಯದನ್ನು ಹಣಮವ್ವನ ಮುಂದೆ ಹಿಡಿದು ಮೆಲ್ಲಗೆ, "ವೈನಿ, ಉಪ್ಪ ನೋಡ್ರಿ" ಎಂದ.

ಹಣಮವ್ವ ಕಚ್ಚಿದಳು. ಚೀಸ್ ಅವಳ ಬಾಯಿಂದ ಕೈತನಕ ದಾರದಂತೆ ಜಗ್ಗಿತು. ಅಗಿಯುತ್ತ ಅವಳು ಅವನನ್ನು ನೋಡಿದಳು. ಅವನು ಅವಳ ದವಡೆಯನ್ನೇ ನೋಡುತ್ತಿದ್ದ, ಪರೀಕ್ಷೆ ಬರೆದ ಪೋರ ಮಾಸ್ತರರನ್ನು ನೋಡುವ ಹಾಗೆ. ಇವನು ನಿಜವಾಗಿಯೂ ತಿಂದಿಲ್ಲ ಎಂದು ಅವಳಿಗೆ ಆ ಕ್ಷಣ ತಿಳಿಯಿತು.

"ಉಪ್ಪ ಬರೋಬರಿ ಐತ್ರಿ ಅಣ್ಣಾ. ಆದ್ರ ಖಾರ ಎಲ್ಲೈತಿ? ಇದು ಬಾಣಂತಿ ಊಟ ಆಗೈತಿ."

ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಶೇಂಗಾ ಕುಟ್ಟಿದ ಖಾರವನ್ನು ಉಳಿದ ಬ್ರೆಡ್ಡಿಗೆಲ್ಲ ಸವರಿಬಿಟ್ಟಳು. ಅಳಿಯ ಮೂರು ತಿಂದು ನಾಲ್ಕನೆಯದನ್ನು ಕೇಳಿದ. ಶಿದ್ರಾಯ ಮೀಸೆ ಒರೆಸಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಸಾರಿದ: "ಹನ್ನೊಂದು ವರ್ಷ ಸ್ವತಾ ತಿಂದ ಕಲ್ತಾನ! ಸುಮ್ನ ಬರತೈತೇನು ಇಂಥಾ ಕೈ?"

ಅಂದಿನಿಂದ ಅಪ್ಪಾಸಾಹೇಬನಿಗೆ ಕರೆಗಳು ಬರತೊಡಗಿದವು. ವಳಸಂಗ ಆಯಿತು, ಪಕ್ಕದ ಕುಣಿಕೋಣೂರ ಆಯಿತು. ಜನ್ಮದಿನ, ಶಾಸಕರ ಕಡೆಯವರ ಪಾರ್ಟಿ, ಬೀಗರೂಟ. ಕೆಲವರು ಮಟನ್ನಿನದು ಕೇಳಿದರು. ಅವನದೇ ಬಳಗದವರು ಬರೀ ಚೀಸ್-ಬಟಾಟೆಯದು ಕೇಳಿ, "ರುಚಿ ಮಾತ್ರ ಅದರಂಗ ಇರ್ಲಿ" ಎಂದು ಕಣ್ಣು ಮಿಟುಕಿಸಿದರು. ಪ್ರತಿದಿನ ಅವನು ಹೊರಗೆ ಹೋಗಿ ಮಂದಿಯ ಕಣ್ಣಲ್ಲಿ ತಿಂದವನಾಗುತ್ತಿದ್ದ, ಸಂಜೆ ಮನೆಯಲ್ಲಿ ಸ್ನಾನ ಮಾಡಿ ತಿನ್ನದವನಾಗುತ್ತಿದ್ದ. ಬಂದ ಕೂಡಲೇ ದಾಕ್ಷಾಯಣಿ ಬಿಸಿನೀರು ಕೊಡುತ್ತಿದ್ದಳು, ಅವ್ವ ವಿಭೂತಿ ಕೊಡುತ್ತಿದ್ದಳು.

ಇದನ್ನು ಸಹಿಸಲು ಅವನಿಗೆ ಆಗಲಿಲ್ಲ. ಕುಣಿಕೋಣೂರಿನ ಸೋಮನಿಂಗಪ್ಪ ಎಂಬ ಕಿರಾಣಿ ಅಂಗಡಿಯವ ಮಗನ ಸಾಕರಪುಡಿಗೆ, ಅಂದರೆ ನಿಶ್ಚಿತಾರ್ಥಕ್ಕೆ, ಇನ್ನೂರು ಸ್ಯಾಂಡ್‌ವಿಚ್ಚು ಹೇಳಲು ಬಂದಾಗ, ಅಪ್ಪಾಸಾಹೇಬ ಅವನನ್ನು ಕಟ್ಟೆಯ ಮೇಲೆ ಕೂಡಿಸಿ ಎಲ್ಲವನ್ನೂ ಹೇಳಿಬಿಟ್ಟ. ಚಮಚೆ, ಚಿಮಟ, ಡಬ್ಬಿ, ಗೋಡೆ ಎಲ್ಲ.

ಸೋಮನಿಂಗಪ್ಪನ ಮುಖ ಇಳಿಯಿತು. "ಅಂದ್ರ ಅದರ ರುಚಿ ನಿಮಗ ಗೊತ್ತ ಇಲ್ಲ?"

"ಇಲ್ರಿ."

"ಒಂದ್ಸಲನೂ?"

"ದೇವ್ರಾಣಿ."

ಸೋಮನಿಂಗಪ್ಪ ಚಹಾ ಅರ್ಧಕ್ಕೇ ಇಟ್ಟ. "ಕ್ಷಮಾ ಮಾಡ್ರಿ. ಬೀಗರ ಮುಂದ ಮಾನದ ಪ್ರಶ್ನೆ. ತಿನ್ನದ ಮನಷ್ಯಾನ ಕೈಯಾಗ ಹೆಂಗ ಕೊಡೂದು?" ಎಂದು ಎದ್ದುಹೋದ.

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಶಿವಲಿಂಗವ್ವನ ಕಣ್ಣಲ್ಲಿ ನೀರು ಬಂತು, ಸಂತೋಷದ್ದು. ಅಷ್ಟು ದಿನ ಮಗನ ಮಾತಿಗೆ ಸಾಕ್ಷಿ ಇರಲಿಲ್ಲ. ಈಗ ಒಬ್ಬ ಪರ ಊರಿನವ ನಂಬಿ ಎದ್ದುಹೋಗಿದ್ದ. ಅವಳು ಸೆರಗು ಹೊದ್ದು ಮನೆಮನೆಗೆ ಹೋಗಿ ಹೇಳಿ ಬಂದಳು. ಈ ಸಲ ಇಂದ್ರಾಬಾಯಿಯೂ ಒಂದು ಮಾತು ಬಿಡದೆ ದಾಟಿಸಿದಳು. ಹದಿನೈದು ದಿನದಲ್ಲಿ ಸುತ್ತಲಿನ ಊರುಗಳಿಗೆಲ್ಲ ಅಪ್ಪಾಸಾಹೇಬ ಶುದ್ಧ ಮನುಷ್ಯನೆಂದು ಖಾತ್ರಿಯಾಯಿತು. ಕರೆಗಳೂ ನಿಂತವು.

ಬೇಕಾದದ್ದು ಸಿಕ್ಕಿತ್ತು. ಜನ ಈಗ ನಗದೆ ನಮಸ್ಕಾರ ಮಾಡುತ್ತಿದ್ದರು. ಅವನು ದಿನವಿಡೀ ಕಟ್ಟೆಯ ಮೇಲೆ ಕುಳಿತು ಆ ನಮಸ್ಕಾರಗಳನ್ನು ಸ್ವೀಕರಿಸುತ್ತಿದ್ದ. ಮಾಡಲು ಬೇರೆ ಕೆಲಸವಿರಲಿಲ್ಲ.

ಒಂದು ಮುಂಜಾನೆ ಹಣಮವ್ವ ಗೋಡೆಯ ಆಚೆಯಿಂದ ಕೂಗಿದಳು. "ಅಣ್ಣಾ, ಸೋಮನಿಂಗಪ್ಪನ ಮನಿಯಿಂದ ಬ್ರೆಡ್ ಕೇಳ್ಕೋತ ಮತ್ತ ಮಂದಿ ನಮ್ಮಲ್ಲಿ ಬಂದಿದ್ರು. ರುಚಿ ನಾ ನೋಡ್ತೀನಂತ ಹೇಳೀನಿ. ಬೆಂಕಿ ನಿಮ್ಮದು, ನಾಲಿಗಿ ನಂದು. ಬರ್ತೀರೇನು?"

ಅವನು ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲಲಿಲ್ಲ.

ಈಗ ಇಬ್ಬರೂ ಕೂಡಿಯೇ ಹೋಗುತ್ತಾರೆ. ಸಾಕರಪುಡಿಯ ದಿನ, ಮೊದಲ ಜೋಡಿ ಹಂಚಿನಿಂದ ಇಳಿದು, ಹಣಮವ್ವ ಕಚ್ಚಿ ತಲೆಯಾಡಿಸಿದಾಗ, ಅಪ್ಪಾಸಾಹೇಬ ಹನ್ನೊಂದು ವರ್ಷ ಯಾರನ್ನೂ ಕೇಳದ್ದನ್ನು ಕೇಳಿದ.

"ವೈನಿ, ಖರೇ ಹೇಳ್ರಿ. ಹೆಂಗಿರತೈತಿ ಅದು?"

ಹಣಮವ್ವ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಹೆಂಗಂತ ಹೇಳ್ಲಿ... ಕಡಕ್ ರೊಟ್ಟಿ ಮ್ಯಾಲ ಹೊಸಾ ಬೆಣ್ಣಿ ಇಟ್ರ ಕರಗತೈತಲ್ಲ, ಅದು ಗೊತ್ತಲ್ಲ ನಿಮಗ? ಅದು ಸಣ್ಣ ಹುಡುಗಿ ಅಂತ ತಿಳಿರಿ. ಇದು ಅದ ಹುಡುಗಿ ಮದಿವ್ಯಾಗಿ ನಾಕ ಮಂದಿ ಸಂಗಾಟ ತವರಿಗಿ ಬಂದಂಗ ಐತಿ."

ಅಪ್ಪಾಸಾಹೇಬ ಬಾಯಲ್ಲಿ ಊರಿದ ನೀರನ್ನು ಸದ್ದಾಗದಂತೆ ನುಂಗಿದ. ನಂತರ ಗವಸು ಏರಿಸಿಕೊಂಡು, ಮುಂದಿನ ಜೋಡಿಯನ್ನು ಹಂಚಿನ ಮೇಲಿಟ್ಟು ಕಿವಿಗೊಟ್ಟ.