ನಾಲ್ಕನೇ ಜ್ವರದ ದಿನ

ನನ್ನ ಅಕ್ಕನಿಗೆ ಸಮುದ್ರ ನೋಡುವ ಆಸೆ ಯಾವತ್ತೂ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಯಾದ ವರ್ಷ ಭಾವ ಅವಳನ್ನು ಶಿವನಸಮುದ್ರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಕಾವೇರಿ ಧುಮುಕುವುದನ್ನು ಒಂದು ಗಳಿಗೆ ನೋಡಿ, "ಎಷ್ಟೊಂದ್ ನೀರು ದಂಡ ಆಯ್ತದೆ" ಎಂದು ವಾಪಸು ಹೊರಟವಳು ಅವಳು. ಅಂಥವಳು ಹೋದ ಕಾರ್ತಿಕದಲ್ಲಿ ಫೋನು ಮಾಡಿ, "ಮಂಗ್ಳೂರ್‌ಗೆ ಓಗಿ ಸಮುದ್ರ ನೋಡ್ಕೊಂಡ್ ಬರಾನ ಕಣೆ, ಒಂದಿನದ ಮಟ್ಟಿಗೆ" ಎಂದಾಗ ನಾನು ಯಾಕೆ ಏನು ಎಂದು ಕೇಳಲಿಲ್ಲ. ಮಂಗಳೂರಿನಲ್ಲಿ ಅವಳ ಮಗಳಿದ್ದಾಳೆ.

ಒಬ್ಬಳೇ ಮಗಳು. ಅಲ್ಲೇ ನರ್ಸಿಂಗ್ ಓದಿದಳು, ಪರೀಕ್ಷೆ ಮುಗಿಸಿ ಮನೆಗೆ ಬಂದಳು. ಆಮೇಲೊಂದು ದಿನ ಸರ್ಟಿಫಿಕೇಟು ತರಬೇಕು, ಒಂದೇ ದಿನ, ಹೋಗಿ ಬಂದುಬಿಡುತ್ತೇನೆ ಎಂದು ಸಣ್ಣದೊಂದು ಬಟ್ಟೆ ಚೀಲ ಹಿಡಿದು ಹೊರಟಳು. ಬರಲಿಲ್ಲ. ಬಂದದ್ದು ಫೋನು. ಜೊತೆಗೆ ಓದಿದ ಹುಡುಗನನ್ನು ಮದುವೆಯಾಗಿದ್ದಳು, ನಮ್ಮವರಲ್ಲದವನನ್ನು. ಭಾವ ಪೂರ್ತಿ ಕೇಳಿಸಿಕೊಂಡು ಫೋನು ಕೆಳಗಿಟ್ಟರು. ಅವತ್ತಿನಿಂದ ಆ ಮನೆಯಲ್ಲಿ ಅವಳ ಹೆಸರಿಲ್ಲ. ಗೋಡೆಯ ಮೇಲಿದ್ದ ಫೋಟೋ ಇಳಿಯಿತು, ಮೊಳೆ ಮಾತ್ರ ಉಳಿಯಿತು. ಭಾವ ಕೂಗಾಡುವ ಜನವಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಬಯ್ದವರಿಗೆ ಒಂದಲ್ಲ ಒಂದು ದಿನ ಸುಸ್ತಾಗುತ್ತದೆ.

ಹುಡುಗಿ ನನ್ನ ಜೊತೆ ಮಾತ್ರ ಮಾತಾಡುತ್ತಿದ್ದಳು. ನಾನು ಮಂಡ್ಯದಲ್ಲಿ ಹೈಸ್ಕೂಲಿನ ಟೀಚರ್. ಅಕ್ಕ ಮಳವಳ್ಳಿ ಸಂತೆಗೆ ಬರುವ ದಿನ ನಾನೂ ಹೋಗಿ, ಸಂತೆಯ ಮೂಲೆಯಲ್ಲಿ ನಿಂತು ಅವಳಿಗೆ ಸುದ್ದಿ ಒಪ್ಪಿಸುತ್ತಿದ್ದೆ. ಮಗಳಿಗೆ ಹೆಣ್ಣು ಮಗುವಾದ ಸುದ್ದಿ ಕೊಟ್ಟದ್ದೂ ಅಲ್ಲೇ, ಟೊಮೇಟೊ ಗುಡ್ಡೆಯ ಪಕ್ಕದಲ್ಲಿ. ಫೋಟೋ ತೋರಿಸಿದೆ. ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡು ಫೋನಿನ ಗಾಜು ಮುಟ್ಟಿದಳು. ಮೊದಲ ಹೆರಿಗೆಗೆ ಮಗಳು ತವರಿಗೆ ಬರಬೇಕು, ತಾಯಿ ಬಾಣಂತನ ಮಾಡಬೇಕು. ನಮ್ಮಲ್ಲಿ ಎಂಥ ಬಡವರೂ ಇದೊಂದನ್ನು ತಪ್ಪಿಸುವುದಿಲ್ಲ. ಈ ಹುಡುಗಿಯ ಬಾಣಂತನ ಅತ್ತೆಯ ಕೈಯಲ್ಲಿ ಆಗುತ್ತಿತ್ತು.

"ಏನ್ ಉಣ್ಣಕ್ಕಿಕ್ತಾರಂತೆ?" ಎಂದು ಕೇಳಿದಳು.

"ಚೆನ್ನಾಗೇ ನೋಡ್ಕೋತಾರಂತೆ. ಮೀನು ಸಾರು ಅಂತೆ."

"ಹಸಿ ಬಾಣಂತಿಗೆ ಮೀನಾ?" ಎಂದು ಅಕ್ಕ ಬಾಯಿಗೆ ಕೈಯಿಟ್ಟಳು. ಅಷ್ಟಕ್ಕೇ ಅಳು ಬಂತು. ಅಳು ಮೀನಿಗಾಗಿ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಸುಮಾರು ಹೊತ್ತು ಮೀನಿನ ಬಗ್ಗೆಯೇ ಮಾತಾಡಿದೆವು.

ಇನ್ನು ಒಂದು ದಿನದ ಲೆಕ್ಕಾಚಾರ. ಅಕ್ಕನ ಮನೆಯವರು ರೇಷ್ಮೆ ಹುಳ ಸಾಕುತ್ತಾರೆ. ಹುಳ ಸಾಕುವ ಮನೆಯ ಹೆಂಗಸಿಗೆ ನೆಂಟರ ಮದುವೆಯೂ ಇಲ್ಲ, ಸಾವೂ ಇಲ್ಲ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಲೇ ಇರಬೇಕು. ಗೂಡು ಮಾರಿ ಮುಂದಿನ ಹುಳ ತರುವ ತನಕ ಬಿಡುವಿರುತ್ತದೆ, ನಿಜ. ಆದರೆ ಆ ಬಿಡುವು ಭಾವನಿಗೂ ಇರುತ್ತದೆ. "ಸಮುದ್ರವಾ? ನಡಿ, ನಾನೂ ಬತ್ತೀನಿ" ಎಂದುಬಿಟ್ಟರೆ ಮುಗಿಯಿತು. ಅವರು ಮನೆ ಬಿಡಲಾಗದ, ಇವಳು ಬಿಡಬಹುದಾದ ದಿನ ಇಡೀ ಬೆಳೆಯಲ್ಲಿ ಒಂದೇ. ಅದು ಹುಳಕ್ಕೆ ನಾಲ್ಕನೇ ಜ್ವರ ಬರುವ ದಿನ.

ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ಉದ್ದ. ಒಂದು ಹಗಲು ಒಂದು ರಾತ್ರಿಯಾದರೂ ಕೂರುತ್ತವೆ, ಚಳಿಗಾಲದಲ್ಲಿ ಇನ್ನೂ ಎಳೆಯುತ್ತವೆ. ಆಗ ಸೊಪ್ಪು ಹಾಕಬಾರದು, ಗದ್ದಲ ಮಾಡಬಾರದು. ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಇಲಿ, ಹಲ್ಲಿ, ಇರುವೆ ಬಾರದ ಹಾಗೆ ಒಬ್ಬರು ಕಾವಲಿದ್ದರೆ ಸಾಕು.

ಆ ದಿನ ಭಾವ ಕಾವಲು, ಅಕ್ಕ ಮಂಗಳೂರು. ಸಂಜೆ ಊರು ಬಿಟ್ಟು ಮದ್ದೂರಿನ ಮೇಲೆ ಮಂಡ್ಯಕ್ಕೆ ಬರುವುದು, ರಾತ್ರಿ ರೈಲು ಹತ್ತುವುದು, ಬೆಳಿಗ್ಗೆ ಇಳಿಯುವುದು, ಮತ್ತೆ ರಾತ್ರಿ ಹೊರಟು ಹುಳವೆಲ್ಲ ಎದ್ದು ಸೊಪ್ಪು ಕೇಳುವ ಹೊತ್ತಿಗೆ ಊರು ಸೇರುವುದು. ರಜೆಗೆ ಅರ್ಜಿ ಕೊಡುವಾಗ ಯಾವ ತಾರೀಕು ಎಂದು ಹೆಡ್‌ಮಾಸ್ಟರು ಕೇಳಿದರು. ಹುಳ ಯಾವಾಗ ಕೂರುತ್ತವೋ ಆವತ್ತು ಎನ್ನಲಾಗದೆ ಅಕ್ಕನಿಗೆ ಫೋನು ಮಾಡಿದೆ. ಅವಳು ಲೆಕ್ಕ ಹಾಕಿ ಹೇಳಿದ ದಿನವನ್ನೇ ಬರೆದೆ.

ಮಗಳ ಮನೆಯಲ್ಲಿ ಒಂದು ಹಗಲು ಸಿಕ್ಕರೆ ಏನು ಮಾಡುತ್ತೀಯ ಎಂದು ಕೇಳಿದ್ದೆ. "ಮಗೀನ ಒಂದ್ಸಲ ಕಾಲ್ ಮೇಲೆ ಆಕ್ಕೊಂಡು ನೀರುಯ್ಯಬೇಕು ಕಣೆ" ಎಂದಳು. ಅಷ್ಟೇ. ಸಮುದ್ರ ನನ್ನ ಪಾಲಿಗೆ ಬಂತು. ಒಂದು ಗಳಿಗೆ ದಡಕ್ಕೆ ಹೋಗಿ, ಭಾವನಿಗೆ ಸಾಕ್ಷಿ ತೋರಿಸಲು ನಾಲ್ಕು ಚಿಪ್ಪು ಆರಿಸಿಕೊಂಡು ಬರುವ ಕೆಲಸ ನನ್ನದು. ಹುಡುಗಿ ಅಲ್ಲಿಂದ ದಿನವೂ ಫೋನು ಮಾಡುತ್ತಿದ್ದಳು. "ಚಿಕ್ಕವ್ವ, ಇಲ್ಲಿ ಡಿಸೆಂಬರಲ್ಲೂ ಉರಿಬಿಸಿಲು, ಕೊಡೆ ತಗೊಂಡ್ ಬನ್ನಿ, ಅವ್ವಂಗೆ ಬಿಸಿಲು ಹತ್ತಿದ್ರೆ ತಲೆನೋವು ಬತ್ತದೆ." ನಮ್ಮಲ್ಲಿ ಆ ವಾರವೆಲ್ಲ ಮಂಜು. ಕಬ್ಬಿನ ಗದ್ದೆ ಯಾವುದು, ರಸ್ತೆ ಯಾವುದು ಎಂದು ಬೆಳಿಗ್ಗೆ ಹತ್ತರ ತನಕ ತಿಳಿಯುತ್ತಿರಲಿಲ್ಲ. ಆ ಮಂಜಿನಲ್ಲಿ ನಾನು ಕೊಡೆ ಹುಡುಕಿ ಇಟ್ಟುಕೊಂಡೆ.

ಹೊರಡುವ ದಿನ ಮಧ್ಯಾಹ್ನವೇ ಅಕ್ಕನ ಊರಿಗೆ ಹೋದೆ. ಹುಳದ ಮನೆಯಲ್ಲಿ ಸದ್ದಿರಲಿಲ್ಲ. ಸೊಪ್ಪು ಮೇಯುವಾಗ ಸೋನೆ ಮಳೆ ಬಿದ್ದಂತೆ ಸರಸರ ಎನ್ನುತ್ತಿರುತ್ತದೆ. ಅವತ್ತು ಸಾಲು ಸಾಲು ಹುಳಗಳು ತಲೆ ಎತ್ತಿ ಕೂತಿದ್ದವು. "ಈಗ ತಾನೆ ಎಲ್ಲಾ ಕೂತ್ಕಂಡ್ವು" ಎಂದು ಅಕ್ಕ ಪಿಸುಗುಟ್ಟಿದಳು. ಮುಖ ತೊಳೆದು, ಒಳ್ಳೆ ಸೀರೆ ಉಟ್ಟು ಬಂದಳು. ಚೀಲ ಬಾಗಿಲಲ್ಲಿತ್ತು, ಬಾಯಿ ಕಟ್ಟಿರಲಿಲ್ಲ. ಭಾವ ಬಂದು ಅದನ್ನು ಎತ್ತಿದರು.

"ಇಷ್ಟ್ ಭಾರ ಏನಮ್ಮಿ?" ಎಂದು ಕೈ ಹಾಕಿದರು. ಮೊದಲು ಬಂದದ್ದು ಕೊಬ್ಬರಿ. ಆಮೇಲೆ ಬೆಳ್ಳುಳ್ಳಿ. ಆಮೇಲೆ ಹಳೇ ಸೀರೆ, ಒಗೆದು ಒಗೆದು ಮೆತ್ತಗಾದದ್ದು. ಕೊನೆಗೆ ಒಂದು ತುಂಡು ಬಜೆ ಬೇರು. ಎಳೇ ಮಗುವಿಗೆ ತೇಯ್ದು ನಾಲಿಗೆಗೆ ಸವರುವ ಬಜೆ. ಅದನ್ನು ಅಂಗೈ ಮೇಲಿಟ್ಟುಕೊಂಡು ಭಾವ ಕೇಳಿದರು.

"ಸಮುದ್ರಕ್ಕೆ ಬಜೆ ಯಾಕಮ್ಮಿ?"

ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ, "ನಂಗೇ ಕಣ, ಬಸ್ಸಲ್ಲಿ ಒಟ್ಟೆ ತೊಳೆಸ್ತದೆ" ಎಂದಳು. ಭಾವ ಬಜೆ ಒಳಗಿಟ್ಟರು, ಸೀರೆ ಮಡಿಸಿ ಅದರ ಮೇಲಿಟ್ಟರು, ಚೀಲದ ಬಾಯಿಗೆ ತಾವೇ ಗಂಟು ಹಾಕಿದರು. ನನ್ನ ಕಡೆ ತಿರುಗಿ, "ಉಸಾರು ಮೇಷ್ಟ್ರಮ್ಮ, ನೀರಿಗ್ ಇಳಿಸ್ಬ್ಯಾಡ" ಎಂದರು. ಗಂಟು ಹಾಕಿದರಲ್ಲ, ಒಪ್ಪಿದರು ಎಂದೇ ನಾವು ತಿಳಿದೆವು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತು, ಮಗಳು ಹೋದ ಮೇಲೆ ಮೊದಲ ಸಲ ಮಗಳ ಹೆಸರನ್ನು ಜೋರಾಗಿ ಹೇಳಿದಳು. ಅವಳ ಮಗು ಅವಳ ಹಾಗೇ ಇದೆಯಾ ಎಂದು ಕೇಳಿದಳು.

ಮದ್ದೂರಿನಲ್ಲಿ ಬಸ್ಸು ಬದಲಿಸಿದೆವು. ಹನಕೆರೆ ಹತ್ತಿರ ಬರುವಾಗ ನನ್ನ ಫೋನು ಹೊಡೆದುಕೊಂಡಿತು. ಭಾವ. ಅಕ್ಕನ ಕಿವಿಗೆ ಹಿಡಿದೆ. ಬಸ್ಸಿನ ಸದ್ದಿಗೆ ಅವರು ಕೂಗಿ ಮಾತಾಡುತ್ತಿದ್ದರು, ನನಗೂ ಕೇಳಿಸಿತು.

"ಉಳ ಎದ್ಬುಟ್ಟವೆ ಕಣಮ್ಮಿ. ಒಂದ್ ಕಡೆಯಿಂದ ತಲೆ ಅಲ್ಲಾಡುಸ್ತಾವೆ. ನನ್ ಒಬ್ಬನ್ ಕೈಲಿ ಆಗಕಿಲ್ಲ, ಬಂದ್ಬುಡು."

ಅಕ್ಕ "ಊಂ" ಎಂದಳು. ಫೋನು ನನ್ನ ಕೈಗೆ ಕೊಟ್ಟು, ಚೀಲ ಎತ್ತಿಕೊಂಡಳು. "ಇಳ್ಕೊಳಾನ ಕಣೆ."

"ಅಕ್ಕ, ಮಧ್ಯಾಹ್ನ ತಾನೆ ಕೂತವು ಅಂತ ನೀನೇ ಅಂದೆ!"

"ಊಂ. ನಾಳೆ ರಾತ್ರಿಗಂಟ ಏಳಕಿಲ್ಲ."

"ಹಂಗಾದ್ರೆ ಭಾವ ಸುಳ್ಳು ಹೇಳ್ತಾವ್ರೆ!"

"ಗೊತ್ತು" ಎಂದಳು. ಬಸ್ಸು ನಿಂತಿತು, ಇಳಿದೆವು. ನಾನು ಬಯ್ಯುತ್ತಲೇ ಇದ್ದೆ. ಏನೇನು ಬಯ್ದೆನೋ, ಬಾಯಿಗೆ ಬಂದದ್ದೆಲ್ಲ ಬಯ್ದೆ. ಅಕ್ಕ ಕೇಳಿಸಿಕೊಂಡು ನಿಧಾನವಾಗಿ ಹೇಳಿದಳು: "ನಿಮ್ ಭಾವ ನನ್ತಾವ ಯಾವತ್ತೂ ಸುಳ್ಳೇಳಿಲ್ಲ ಕಣೆ. ಮಗ್ಳು ಮನೆ ಬಿಟ್ಟೋದಾಗ್ಲೂ ಸುಳ್ಳೇಳ್ಲಿಲ್ಲ. ಇವತ್ತು ಸುಳ್ಳೇಳೌರೆ ಅಂದ್ರೆ ಆ ಜೀವ ಏನಾಗೈತೋ. ನಾನೆಂಗೆ ರೈಲ್ ಅತ್ಲಿ?"

ಹೊಸ ಹೈವೇ ಆದ ಮೇಲೆ ಆ ಕಡೆಗೆ ದಾಟುವುದೂ ಸುಲಭವಲ್ಲ. ಅಂಡರ್‌ಪಾಸಿನಲ್ಲಿ ನುಗ್ಗಿ, ಆ ಬದಿಯ ಸಣ್ಣ ರಸ್ತೆಯಲ್ಲಿ ಮದ್ದೂರಿನ ಬಸ್ಸಿಗೆ ಕಾದೆವು. ಒಂದು ಕೈಯಲ್ಲಿ ನನ್ನ ಕೊಡೆ, ಇನ್ನೊಂದು ಕೈಯಲ್ಲಿ ಫೋನು. ಹುಡುಗಿಗೆ ಹೇಳಬೇಕಿತ್ತು. ಬೆಳಿಗ್ಗೆ ಹೇಳಿದರಾಯಿತು, ಈ ರಾತ್ರಿಯಾದರೂ ಖುಷಿಯಾಗಿ ಮಲಗಲಿ ಎಂದು ಸುಮ್ಮನಾದೆ.

ನಾವು ಹೋದಾಗ ಭಾವ ಹುಳದ ಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಒಳಗೆ ಒಂದು ಹುಳವೂ ಅಲ್ಲಾಡಿರಲಿಲ್ಲ. ಅಕ್ಕ ಒಂದು ಸುತ್ತು ನೋಡಿ ಬಂದು, ಅವರ ಪಕ್ಕದಲ್ಲೇ ಕೂತಳು. ಭಾವ ನೆಲ ನೋಡುತ್ತ ತಾವೇ ಹೇಳಿದರು.

"ಅವ್ಳೂ ಇಂಗೇ ಒಂದಿನಕ್ಕೆ ಅಂತ ಒಂಟೋದ್ಲು. ಆವತ್ತೂ ಚೀಲದ ಗಂಟು ನಾನೇ ಆಕಿದ್ದು."

ನನಗೆ ಆ ಮನುಷ್ಯನ ಮೇಲಿದ್ದ ಸಿಟ್ಟು ಪೂರ್ತಿ ಇಳಿಯಿತು ಎಂದರೆ ಸುಳ್ಳು. ಈಗಲೂ ಇದೆ. ಆದರೂ ಕೊಡೆ ಮೂಲೆಗಿಟ್ಟು ನಾನೂ ಜಗಲಿಯ ಮೇಲೆ ಕೂತೆ. ಅಕ್ಕ ಎದ್ದು ಒಳ್ಳೆ ಸೀರೆ ಬಿಚ್ಚಿ, ಅಡುಗೆಗೆ ಉಡುವ ಸೀರೆ ಉಟ್ಟಳು.

ಮಾರನೆಯ ದಿನದಷ್ಟು ಕೆಟ್ಟ ದಿನವನ್ನು ನಾನು ಕಂಡಿಲ್ಲ. ಕೆಲಸವಿದ್ದಿದ್ದರೆ ಹೇಗೋ ಕಳೆಯುತ್ತಿತ್ತು. ಜ್ವರದ ದಿನ ಕೆಲಸವಿರುವುದಿಲ್ಲ. ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ, ಜೋರಾಗಿ ಮಾತಾಡುವಂತೆಯೂ ಇಲ್ಲ. ಮೂರೂ ಜನ ಜಗಲಿಯ ಮೇಲೆ ಕೂತೆವು. ಮಂಜು ಬಿಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತು ದಿನವಿಡೀ ನಮ್ಮೆದುರು ತಟ್ಟೆಯಲ್ಲೇ ಇದ್ದಂತಿತ್ತು.

ಬೆಳಿಗ್ಗೆಯೇ ಹುಡುಗಿಯ ಫೋನು ಬಂತು. ಮಗುವನ್ನು ಎತ್ತಿಕೊಂಡು ಸ್ಟೇಷನ್ನಿಗೆ ಬಂದು ಕಾಯುತ್ತಿದ್ದಳು. ನಾನು ಎದ್ದು ಅಂಗಳಕ್ಕೆ ಹೋಗಬಹುದಿತ್ತು. ಯಾಕೋ ಹೋಗಲಿಲ್ಲ. ಭಾವನ ಎದುರಿಗೇ ಮಾತಾಡಿದೆ.

"ಬರಕ್ಕಾಗ್ಲಿಲ್ಲ ಕಣವ್ವ. ಹುಳ ಎದ್ಬುಟ್ವು."

ಆ ಕಡೆಯಿಂದ ರೈಲಿನ ಅನೌನ್ಸ್‌ಮೆಂಟು ಕೇಳಿಸಿತು, ಮಗು ಕುಯ್‌ಗುಟ್ಟಿದ್ದು ಕೇಳಿಸಿತು. ಆಮೇಲೆ ಅವಳು, "ನಾಲ್ಕನೇ ಜ್ವರ ಅಲ್ವಾ ಚಿಕ್ಕವ್ವ? ಈ ಚಳೀಲಿ ಅಷ್ಟ್ ಬೇಗ ಏಳಲ್ವಲ್ಲ" ಎಂದಳು. ಇಡುವ ಮುಂಚೆ, "ಅಪ್ಪ ಉಷಾರಾಗವ್ರಾ?" ಎಂದಳು.

"ಏನಂದ್ಲು?" ಅಕ್ಕ ಕೇಳಿದಳು.

"ಈ ಚಳೀಲಿ ಹುಳ ಅಷ್ಟ್ ಬೇಗ ಏಳಲ್ಲ ಅಂದ್ಲು. ಅಪ್ಪ ಉಷಾರಾ ಅಂದ್ಲು."

ಭಾವ ಎದ್ದರು. ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡು ತೋಟದ ಕಡೆ ಹೋದರು. ಬಹಳ ಹೊತ್ತಿನ ಮೇಲೆ ತಲೆಯ ಮೇಲೊಂದು ಹೊರೆ ಸೊಪ್ಪು ಹೊತ್ತು ತಂದರು. ಅಷ್ಟು ವರ್ಷ ಹುಳ ಸಾಕಿದವರು, ಹುಳ ಏಳುವ ಮುಂಚೆ ಸೊಪ್ಪು ಕೊಯ್ಯಬಾರದು ಎಂದು ಊರಿಗೇ ಹೇಳುವವರು. ಅಕ್ಕ ಹೊರೆಗೆ ಕೈಕೊಟ್ಟು ಇಳಿಸಿಕೊಂಡಳು. ಸಂಜೆಗೆ ಆ ಸೊಪ್ಪೆಲ್ಲ ಬಾಡಿತು. ಎಲ್ಲವನ್ನೂ ಹಸುವಿಗೆ ಹಾಕಿದಳು.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ನನ್ನ ತಟ್ಟೆಗೆ ಮುದ್ದೆ ಇಡುತ್ತ, ತನಗೇ ಹೇಳಿಕೊಳ್ಳುವಂತೆ, "ಮರ್ತಿಲ್ಲ ಕಣೆ ಅವ್ಳು, ಚಳೀಲಿ ತಡ ಆಯ್ತದೆ ಅನ್ನೋದ" ಎಂದಳು. ಭಾವ ಮುದ್ದೆ ಮುರಿಯುತ್ತಿದ್ದವರು ನಿಲ್ಲಿಸಿದರು. ಅಷ್ಟರಲ್ಲಿ ಹುಳದ ಮನೆಯಿಂದ ಮೊದಲ ಹುಳಗಳು ಅಲ್ಲಾಡುವ ಸದ್ದು ಬಂತು. ಅಕ್ಕ ಕೈ ತೊಳೆದು ಎದ್ದಳು. ಬಜೆ ಬೇರು ಇದ್ದ ಚೀಲ ಹಿಂದಿನ ರಾತ್ರಿ ತಂದಿಟ್ಟ ಹಾಗೇ ಬಾಗಿಲಲ್ಲಿತ್ತು. ಅದನ್ನು ಕಾಲಿಗೆ ಸಿಗದ ಹಾಗೆ ಪಕ್ಕಕ್ಕೆ ಸರಿಸಿ ಹುಳದ ಮನೆಗೆ ಹೋದಳು. ಅದರ ಗಂಟನ್ನು ಯಾರೂ ಬಿಚ್ಚಿರಲಿಲ್ಲ.