ಹಿಂದಕ್ಕೆ ಬಂದ ಮದುವೆ ಕಾಗದ

ಹಳದೀಪುರದ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಬಿಸಿಯೂಟ ಬೇಯಿಸುವ ತಿಮ್ಮಿಗೆ ಜಗತ್ತಿನಲ್ಲಿ ಎರಡೇ ಪಾಪ ಗೊತ್ತು. ಉಣ್ಣಲು ಬಂದವರಿಗೆ ಅನ್ನ ಸಾಲದೆ ಹೋಗುವುದು ಒಂದು, ಬೆಂದ ಅನ್ನ ಚೆಲ್ಲುವುದು ಇನ್ನೊಂದು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸೆರಗಿಗೆ ಕೈ ಒರೆಸಿಕೊಂಡು ತರಗತಿಯಿಂದ ತರಗತಿಗೆ ಹೋಗುತ್ತಾಳೆ, ಬಾಗಿಲಲ್ಲೇ ನಿಂತು ಹಾಜರಿ ಕೇಳುತ್ತಾಳೆ, ಆಮೇಲೆಯೇ ಅಕ್ಕಿ ಅಳೆಯುತ್ತಾಳೆ. ಮಧ್ಯಾಹ್ನ ಪಾತ್ರೆಯ ತಳ ಕಾಣುವುದಕ್ಕೂ ಕೊನೆಯ ಮಗು ಕೈ ತೊಳೆಯುವುದಕ್ಕೂ ಸರಿಹೋಗುತ್ತದೆ. ಶಾಲೆಯ ಹಿಂದೆ ಕಾದು ಕೂರುವ ಕಾಗೆಗಳು ತಿಮ್ಮಿಯನ್ನು ಕಂಡರೆ ಮುಖ ತಿರುಗಿಸುತ್ತವೆ ಎಂದು ಮಾಸ್ತರರು ತಮಾಷೆ ಮಾಡುವುದುಂಟು.

ಇಂಥ ಹೆಂಗಸಿನ ಮನೆಯಲ್ಲಿ ಮದುವೆ ಎದ್ದಿತು. ಮಗಳು ಧನ್ಯಶ್ರೀಗೆ ಭಟ್ಕಳದ ಹತ್ತಿರದ ಜಾಲಿಯಿಂದ ಸಂಬಂಧ ಬಂತು. ಹುಡುಗ ರೂಪೇಶ ಫ್ರಿಜ್ಜು, ಏಸಿ ರಿಪೇರಿ ಮಾಡುವವನು. ಹುಡುಗಿ ನೋಡಲು ಬಂದ ದಿನ ಕೆಟ್ಟು ಕೂತಿದ್ದ ಮಿಕ್ಸರನ್ನು ಬಿಚ್ಚಿ ಸರಿಮಾಡಿಕೊಟ್ಟೇ ಹೋಗಿದ್ದ. ತಿಮ್ಮಿ ಅವತ್ತೇ ಅವನನ್ನು ಒಪ್ಪಿದಳು. ಮಗಳು ಒಪ್ಪಿದ್ದು ಮೂರು ದಿನ ಬಿಟ್ಟು.

ಮದುವೆ ಏಪ್ರಿಲ್ ಕೊನೆಗೆ, ಶಾಲೆಗೆ ರಜೆ ಬಿದ್ದ ಮೇಲೆ. ಖರ್ಚಿನ ಮಾತು ಬಂದಾಗ ತಿಮ್ಮಿ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಳು.

"ಊಟದಲ್ಲಿ ಕಡಿಮೆ ಮಾಡೂಕೆ ಆಗೂದಿಲ್ಲ. ಕಾಗ್ದದಲ್ಲಿ ಮಾಡ್ವಾ. ಕಾಗ್ದ ಯಾರೂ ತಿನ್ನೂದಿಲ್ಲ."

ಹಾಗಾಗಿ ಕುಮಟಾದ ಪ್ರೆಸ್ಸಿನಲ್ಲಿ ಮದುವೆ ಕಾಗದ ಅಚ್ಚಾದದ್ದು ನೂರೇ ನೂರು. ಕರೆಯಬೇಕಾದ ಮನೆಗಳೋ ಇನ್ನೂರ ಮೂವತ್ತು. ವಾಟ್ಸಾಪಿನಲ್ಲಿ ಕಳಿಸಿದರಾಯಿತು ಎಂದು ಧನ್ಯಶ್ರೀ ಹೇಳಿ ನೋಡಿದಳು. ತಿಮ್ಮಿ ಅದನ್ನೂ ಪಕ್ಕದ ಮನೆಯ ಮೇಲೆ ಪ್ರಯೋಗಿಸಿದಳು. ಆ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ ಉತ್ತರ ಕೊಟ್ಟಿತು: "ಮೊಬೈಲಿನಲ್ಲಿ ಕರೆದ್ರೆ ಮೊಬೈಲಿನಲ್ಲೇ ಉಂಡ್ಕಂಡು ಕೈ ತೊಳೀತೆ, ಮಾರಾಯ್ತಿ."

ಕೊನೆಗೆ ತಿಮ್ಮಿಯ ತಲೆಯಲ್ಲೇ ಉಪಾಯ ಹೊಳೆಯಿತು. ಮೊದಲ ಕಾಗದ ದೇವರ ಮುಂದೆ. ಮಾಸ್ತರರು, ದೂರದವರು, ಮುನಿಸಿಕೊಳ್ಳುವವರು ಇವರಿಗೆಲ್ಲ ಒಂದೊಂದು. ಮುನಿಸಿಕೊಳ್ಳುವವರ ಪಟ್ಟಿಯೇ ಅರುವತ್ತು ದಾಟಿತು. ನಮ್ಮ ಕಡೆ ಆ ಬೆಳೆಗೆ ಬರಗಾಲವಿಲ್ಲ. ಉಳಿದ ಮನೆಗಳಿಗೆಲ್ಲ ಸೇರಿ ಒಂದೇ ಒಂದು ಕಾಗದ. ಮನೆಗೆ ಹೋಗಿ ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, ಬಾಯಿ ತುಂಬ ಕರೆಯುವುದು. ಕಾಗದವನ್ನು ಅವರ ಕೈಗಿತ್ತು ಓದಿಸುವುದು. ಚಾ ಕುಡಿದು ಏಳುವಾಗ "ಓದಿ ಆತಲ್ಲ? ಕಾಗ್ದ ಇತ್ಲಾಗೆ ಕೊಡಿ" ಎಂದು ತಿರುಗಿ ಈಸಿಕೊಂಡು ಮುಂದಿನ ಮನೆಗೆ ನಡೆಯುವುದು. ಕರೆಯುವುದು ಬಾಯಿಯೇ ಹೊರತು ಕಾಗದವಲ್ಲ ಎಂಬುದು ಅವಳ ವಾದ. ಗಂಡ ಜಟ್ಟ ತೆಂಗಿನಕಾಯಿ ಸಾಗಿಸುವ ಗೂಡ್ಸ್ ರಿಕ್ಷಾ ಓಡಿಸುವವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು "ನೋಡು ಮತ್ತೆ" ಎಂದಷ್ಟೇ ಹೇಳಿ ರಿಕ್ಷಾ ತೊಳೆಯಲು ಹೋದ.

ಉಪಾಯ ನಡೆಯಿತು. ಜನ ನಕ್ಕರು, ಓದಿದರು, ಕೊಟ್ಟರು. ನಡೆಯದೆ ಹೋದದ್ದು ಹಾಜರಿ.

ಅಡುಗೆಗೆ ಒಪ್ಪಿಕೊಂಡಿದ್ದ ಹೊನ್ನಾವರದ ನಿತ್ಯಾನಂದ ಭಟ್ಟರು ಗುರುವಾರದೊಳಗೆ ಜನ ಎಷ್ಟೆಂದು ಹೇಳಬೇಕು ಎಂದಿದ್ದರು. ಎಲ್ಲರೂ ಅಂದಾಜಿನಲ್ಲಿ ಹೇಳುತ್ತಾರೆ. ತಿಮ್ಮಿಗೆ ಅಂದಾಜೆಂದರೆ ಆಗದು. ಆದರೆ ನಮ್ಮ ಕರಾವಳಿಯಲ್ಲಿ ಮದುವೆಗೆ ಕರೆದರೆ ಇಲ್ಲ ಎನ್ನುವವರಿಲ್ಲ. ಮಂಗಳ ಕಾರ್ಯಕ್ಕೆ ಇಲ್ಲ ಎನ್ನಬಾರದು. ಹಾಗೆಂದು ಹೌದು ಎನ್ನುವವರೂ ಇಲ್ಲ. ಊರಿಗೆಲ್ಲ ಇರುವುದು ಎರಡೇ ಉತ್ತರ. "ನೋಡ್ವಾ" ಒಂದು. "ಬರ್ದೇ ಎಂತ ಮಾಡೂದು?" ಇನ್ನೊಂದು. ಹಾಗೆಂದವರು ಏಳು ಜನರನ್ನು ಕಟ್ಟಿಕೊಂಡು ಬರಲೂಬಹುದು, ಅವತ್ತು ಗದ್ದೆಗೆ ಗೊಬ್ಬರ ಹೊರಲೂಬಹುದು. ತಿಮ್ಮಿ ಬಿಡದೆ "ಎಷ್ಟು ಜನ?" ಎಂದು ಕೇಳಿಬಿಟ್ಟಳು. ಕೇಳಿದ ಕಡೆಯೆಲ್ಲ ಚಾದ ಲೋಟಗಳು ಬಾಯಿಯ ಹತ್ತಿರವೇ ನಿಂತವು. ತಲೆ ಎಣಿಸಿ ಉಣ್ಣಿಸುವ ಮದುವೆಯನ್ನು ಊರು ಕಂಡಿರಲಿಲ್ಲ. ಅವಳ ಹಾಜರಿ ಪುಸ್ತಕದಲ್ಲಿ ಮನೆಯ ಹೆಸರುಗಳ ಮುಂದೆ ಬರೀ ಚುಕ್ಕಿಗಳು ಬೆಳೆದವು.

ಹೀಗೆ ಸುತ್ತುತ್ತ ಸೋಮವಾರ ಮಿರ್ಜಾನಕ್ಕೆ ಹೋದಳು. ಅಲ್ಲಿ ಹನ್ನೊಂದು ಮನೆ, ಕೊನೆಯದು ಉಮಾಳದ್ದು. ಉಮಾ ಜಟ್ಟನ ಅಕ್ಕ, ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಧನ್ಯಶ್ರೀ ಹಸೆಗೆ ಹೋಗುವಾಗ ಹಿಂದೆ ಕಳಸ ಹಿಡಿದು ನಿಲ್ಲಬೇಕಾದ ಸೋದರತ್ತೆ ಅವಳೇ. ಅವಳು ಬಾರದಿದ್ದರೆ ಕಳಸ ಹಿಡಿಯಲು ಇನ್ನೊಬ್ಬಳು ಸಿಕ್ಕಾಳು, ಜಟ್ಟನ ಮುಖ ನೋಡಲು ಮಾತ್ರ ಆಗದು. ಅವಳಿಗೆಂದೇ ತಿಮ್ಮಿ ಒಂದು ಹೊಸ ಕಾಗದ ತೆಗೆದಿಟ್ಟು, ಲಕೋಟೆಯ ಮೇಲೆ ಮಗಳ ಕೈಯಿಂದ 'ಸೌ. ಉಮಾ ಅತ್ತೆಗೆ' ಎಂದು ಬರೆಸಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಚೀಲದ ಒಳಜೇಬಿಗೆ ಹಾಕಿದ್ದಳು.

ಅಷ್ಟರಲ್ಲಿ ಹತ್ತು ಮನೆಯ ಚಾ ಹೊಟ್ಟೆ ಸೇರಿತ್ತು, ಏಪ್ರಿಲ್ ಬಿಸಿಲು ನೆತ್ತಿ ಸೇರಿತ್ತು. ಉಮಾಳ ಜಗುಲಿಯಲ್ಲಿ ಕೂತು ಮುರುಗಲ ಪಾನಕ ಕುಡಿದು, ನಕ್ಕು, ರೂಪೇಶನ ಮಿಕ್ಸರಿನ ಕಥೆಯನ್ನು ಹನ್ನೊಂದನೆಯ ಸಲ ಹೇಳಿ, ಕುಂಕುಮ ಹಚ್ಚಿ, ಕೈಗೆ ಬಂದ ಕಾಗದ ಕೊಟ್ಟಳು. ಉಮಾ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಸೋದರತ್ತೆಯೆಂದು ತನ್ನ ಹೆಸರಿದ್ದ ಕಡೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. ದೇವರ ಮುಂದೆ ಇಟ್ಟು ಬರುತ್ತೇನೆಂದು ಕಾಗದ ಹಿಡಿದು ಎದ್ದಳು. ತಿಮ್ಮಿಯೂ ಎದ್ದಳು, ಕೈ ತಾನಾಗಿ ಮುಂದೆ ಚಾಚಿತು.

"ಅತ್ಗೆ, ಓದಿ ಆತಲ್ಲ? ಕಾಗ್ದ ಇತ್ಲಾಗೆ ಕೊಡಿ."

ಉಮಾ ಅವಳನ್ನೇ ನೋಡಿದಳು. ಕಾಗದವನ್ನು ಸೀರೆಯ ಅಂಚಿನಿಂದ ಒಮ್ಮೆ ಒರೆಸಿ ಕೊಟ್ಟಳು. "ಆತು" ಎಂದಳು.

ಕುಮಟಾದಲ್ಲಿ ಬಸ್ಸು ಬದಲಿಸಿ ಕೂತಾಗ ಟಿಕೆಟಿನ ಚಿಲ್ಲರೆಗೆಂದು ತಿಮ್ಮಿ ಚೀಲದ ಒಳಜೇಬಿಗೆ ಕೈ ಹಾಕಿದಳು. ಬೆರಳಿಗೆ ಅರಿಶಿನ ಹತ್ತಿತು. ಉಮಾಳಿಗೆಂದು ತೆಗೆದಿಟ್ಟ ಲಕೋಟೆ ಅಲ್ಲೇ ಇತ್ತು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ಮಿರ್ಜಾನ ಎಂದಳು, ಆಮೇಲೆ ತಿದ್ದಿ ಹಳದೀಪುರ ಎಂದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಜಟ್ಟ ಉಣ್ಣುತ್ತಿದ್ದವನು ಕೈ ತಡೆದ.

"ಅಕ್ಕನ ಕೈಯಿಂದ ಈಸ್ಕಂಡ್ಯಾ?"

"ಈಸ್ಕಂಡೆ."

ಅವನು ಮುಂದೆ ಉಣ್ಣಲಿಲ್ಲ. ಆ ಮನೆಯಲ್ಲಿ ಅನ್ನ ಚೆಲ್ಲಿದ್ದು ಅದೇ ಮೊದಲು.

ಉಮಾಗೆ ಫೋನು ಮಾಡಿದರೆ ಎತ್ತಲಿಲ್ಲ. ಸುದ್ದಿ ಮಾತ್ರ ಫೋನಿಗೆ ಕಾಯಲಿಲ್ಲ. ಜಗುಲಿಯ ಆಚೆ ಮೀನು ಬಲೆ ಹೆಣೆಯುತ್ತಿದ್ದವರು ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದರು: ತಿಮ್ಮಿ ಅತ್ತಿಗೆಗೆ ಕೊಟ್ಟ ಕರೆ ತಿರುಗಿ ತಕೊಂಡಳು. ಅದು ಕುಮಟಾ ದಾಟುವಾಗ ಜಗಳವಾಗಿತ್ತು, ಹೊನ್ನಾವರಕ್ಕೆ ಬರುವಾಗ ಜನ ಹೆಚ್ಚಾಗಿ ಕರೆದವರನ್ನೆಲ್ಲ ಬಿಡುತ್ತಿದ್ದಾರೆ ಎಂದಾಗಿತ್ತು. ಭಟ್ಕಳ ಮುಟ್ಟುವ ಹೊತ್ತಿಗೆ ಯಾರಿಗೆ ಕರೆ ಇದೆ, ಯಾರಿಗಿಲ್ಲ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ತಮ್ಮ ಮನೆಯಿಂದಲೂ ಕಾಗದ ತಿರುಗಿ ಹೋದದ್ದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಮೊದಲ ಫೋನು ಬಂತು.

"ಏ ತಿಮ್ಮಿ, ನಮ್ಮನೇಲೂ ಕಾಗ್ದ ತಕಂಡೇ ಹೋದೆ. ನಾವು ಬರೂದಾ, ಬಿಡೂದಾ?"

"ಬರೂದೇಯಾ. ಎಂತಕ್ಕೆ ಬಿಡೂದು?" ಎಂದಳು ತಿಮ್ಮಿ. ಆಮೇಲೆ, ಹಳೆಯ ಅಭ್ಯಾಸ ಬಿಡುತ್ತದೆಯೇ, "ಎಷ್ಟು ಜನ?"

"ಐದು. ಅಜ್ಜ ಬರೂದಿಲ್ಲ, ಅವಂಗೆ ಮಂಡಿನೋವು."

ತಿಮ್ಮಿ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. ಐದು. ನೋಡ್ವಾ ಅಲ್ಲ, ಐದು. ಬಾರದವರ ಹೆಸರು, ಕಾರಣ ಸಮೇತ. ಅವಳು ಚುಕ್ಕಿಯ ಮೇಲೆ ಐದು ಎಂದು ಬರೆಯುವಷ್ಟರಲ್ಲಿ ಎರಡನೆಯ ಫೋನು. ಆಮೇಲೆ ನಿಲ್ಲಲೇ ಇಲ್ಲ. ಜನ ಬೇಲಿಯಾಚೆ ನಿಂತು ಕೂಗಿದರು, ಸ್ಕೂಟರು ನಿಲ್ಲಿಸಿ ಕೇಳಿದರು, ಜಟ್ಟನ ರಿಕ್ಷಾವನ್ನು ಹೆದ್ದಾರಿಯಲ್ಲೇ ಅಡ್ಡಗಟ್ಟಿ "ನಾವು ನಾಲ್ಕು ಜನ, ಹೇಳು" ಎಂದರು. ತೋಟದ ಮನೆಯಿಂದ ನಿವೃತ್ತ ಹೆಡ್‌ಮೇಡಂ ಸುಬ್ಬಲಕ್ಷ್ಮಿ ಅಮ್ಮ ಕೂಡ ಫೋನು ಮಾಡಿದರು. ಅವರಿಗೆ ಸ್ವಂತ ಕಾಗದವೇ ಸಿಕ್ಕಿತ್ತು, ಆದರೂ ಭಯ. "ಆನು ಬತ್ತೆ ತಿಮ್ಮಿ. ನಮ್ಮನೆಯವ್ರಿಗೆ ಹುಷಾರಿಲ್ಲೆ, ಬತ್ವಿಲ್ಲೆ. ಒಂದೇ ಬರಕೊ."

ಧನ್ಯಶ್ರೀ ಕಾಲು ಚಾಚಿ ಕೂತು ಬರೆದಳು, ತಿಮ್ಮಿ ಎರಡೂ ಕಿವಿಗೆ ಒಂದೊಂದು ಫೋನು ಹಿಡಿದು ಕೂಗಿದಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಆ ಕರಾವಳಿಯಲ್ಲಿ ಯಾವ ಮದುವೆ ಮನೆಗೂ ಸಿಗದೇ ಇದ್ದದ್ದು ಅವಳಿಗೆ ಸಿಕ್ಕಿತ್ತು. ಮನೆಮನೆಯ ಹಾಜರಿ, ಒಂದೂ ಚುಕ್ಕಿಯಿಲ್ಲದೆ. ಅಲ್ಲ, ಒಂದೇ ಒಂದು ಚುಕ್ಕಿಯೊಂದಿಗೆ. ಉಮಾಳ ಹೆಸರಿನ ಮುಂದೆ ಅದು ಹಾಗೇ ಕೂತಿತ್ತು.

"ಆಯಿ, ಇಂಥಾ ತಪ್ಪು ವರ್ಷಕ್ಕೊಂದು ಮಾಡು," ಎಂದಳು ಮಗಳು ನಗುತ್ತ. ತಿಮ್ಮಿಯೂ ನಗಲು ಹೋದಳು, ಕಣ್ಣಲ್ಲಿ ನೀರು ಬಂತು. ನಾನೂರ ಹದಿನೆಂಟು ಜನ ಬರುತ್ತಾರೆ. ಬರಲೇಬೇಕಾದ ಒಬ್ಬಳು ಬರುವುದಿಲ್ಲ. ಶಾಲೆಯಲ್ಲಿ ಒಂದು ಮಗು ಬಾರದಿದ್ದರೂ ಯಾಕೆ ಬರಲಿಲ್ಲವೆಂದು ಕೇಳುವವಳು, ಮನೆಯ ಹಿರಿ ಮಗಳನ್ನೇ ತಾನಾಗಿ ಹೊರಗೆ ಹಾಕಿದ್ದಳು.

ತಡೆಯಲಾಗದೆ ಲಕೋಟೆ ಹಿಡಿದು ಅವತ್ತೇ ಮಿರ್ಜಾನದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತು ಜೋಡಿಸಿದಳು. ಕಾಲಿಗೆ ಬೀಳುವುದೋ, ಮೊದಲು ಅಳುವುದೋ ಎಂಬುದೊಂದು ಬಗೆಹರಿಯಲಿಲ್ಲ. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಉಮಾ ಹೊಳೆಯಲ್ಲಿ ಹೆಕ್ಕಿದ ಬಳಚು ಚಿಪ್ಪಿಮೀನು ಮಾರಲು ಕುಮಟಾ ಪೇಟೆಗೆ ಹೋಗಿದ್ದಾಳೆ ಎಂದರು ನೆರೆಯವರು. ಕಾದಳು. ಕೊನೆಯ ಬಸ್ಸಿನ ಹೊತ್ತಾದಾಗ ಲಕೋಟೆಯನ್ನು ಬಾಗಿಲ ಸಂದಿಯಲ್ಲಿ ಒಳಗೆ ತೂರಿಸಿ, ಹೊಸ್ತಿಲಿಗೆ ಹಣೆ ಮುಟ್ಟಿಸಿ ಬಂದಳು.

ಗುರುವಾರ ಬೆಳಿಗ್ಗೆ ನಿತ್ಯಾನಂದ ಭಟ್ಟರು ಬೈಕಿನಲ್ಲಿ ಬಂದು ಜಗುಲಿಯಲ್ಲಿ ಕೂತರು. "ಎಷ್ಟು ಬರಕಳ್ಲಿ, ತಿಮ್ಮಕ್ಕ?"

ತಿಮ್ಮಿ ಪುಸ್ತಕ ಬಿಚ್ಚಿದಳು, ಮುಚ್ಚಿದಳು. ಅಷ್ಟರಲ್ಲಿ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಒಗೆದು ಮಡಿ ಮಾಡಿದ ಹಸಿರು ಸೀರೆ, ಮುಡಿಯಲ್ಲಿ ಅಬ್ಬಲಿಗೆ, ಕೈಯಲ್ಲಿ ಬಟ್ಟೆಯ ಚೀಲ. ಉಮಾ ಬಂದಿದ್ದಳು. ಯಾರ ಮುಖವನ್ನೂ ನೋಡದೆ ಸೀದಾ ಒಳಗೆ ಬಂದು ಮಣೆಯ ಮೇಲೆ ಕೂತು, ಚೀಲದಿಂದ ಕುಂಕುಮದ ಭರಣಿ, ಅಕ್ಷತೆಯ ಪೊಟ್ಟಣ ತೆಗೆದಿಟ್ಟಳು.

"ತಿಮ್ಮಿ, ಬಾ ಇಲ್ಲಿ."

ತಿಮ್ಮಿ ಹೋಗಿ ಎದುರು ಕೂತಳು. ಉಮಾ ಅವಳ ಹಣೆಗೆ ಕುಂಕುಮ ಹಚ್ಚಿದಳು, ಕೈಗೆ ಅಕ್ಷತೆ ಹಾಕಿದಳು. ಅರಿಶಿನ ಹಚ್ಚಿದ ಅದೇ ಲಕೋಟೆಯನ್ನು ತೆಗೆದು ಅವಳ ಕೈಗಿತ್ತಳು.

"ನನ್ನ ತವರುಮನೇಲಿ ಮದ್ವೆ ಉಂಟು. ನನ್ನ ತಮ್ಮನ ಮಗಳದು. ಕರೆಯೂಕೆ ಬಂದದ್ದು. ಓದಿ ನೋಡು."

ಜಗುಲಿಯಲ್ಲಿ ಭಟ್ಟರು ನಗು ತಡೆಯಲಾರದೆ ಮುಖಕ್ಕೆ ಪಂಚೆಯ ತುದಿ ಅಡ್ಡ ಹಿಡಿದರು. ಬಾಗಿಲಲ್ಲಿ ನಿಂತಿದ್ದ ಜಟ್ಟ ಗೋಡೆಗೆ ಒರಗಿದ.

"ಈ ಮನೇಲಿ ಹುಟ್ಟಿದವಳು ನಾನು," ಎಂದಳು ಉಮಾ. "ನನ್ನ ಕರೆಯೂಕೂ ನೀ ಯಾರು, ಬಿಡೂಕೂ ನೀ ಯಾರು? ಕಳಸ ಹಿಡಿಯೂಕೆ ನನ್ನ ಸೀರೆ ತಯಾರಾಗಿ ಹದಿನೈದು ದಿನ ಆತು. ನಮ್ಮನೇಲಿ ಏಳು ಜನ. ಈಗ ನಿನ್ನ ಲೆಕ್ಕ ಹೇಳು, ನೀ ಬತ್ಯಾ ಇಲ್ವಾ?"

ಹದಿನೆಂಟು ವರ್ಷ ಹಾಜರಿ ಕೇಳಿದವಳಿಗೆ ಹಾಜರಿ ಹೇಳಲು ಬರಲಿಲ್ಲ.

"ಬರ್ದೇ ಎಂತ ಮಾಡೂದು, ಅತ್ಗೆ?"

"ಹಾಂಗೆಲ್ಲ ಹೇಳಿರೆ ಭಟ್ರು ಬೇಯಿಸೂದು ಹೆಂಗೆ?" ಉಮಾಳ ತುಟಿಯ ಮೂಲೆ ಕೊನೆಗೂ ಅಲುಗಿತು. ಅವಳು ಕೈ ಚಾಚಿದಳು. "ಓದಿ ಆತಲ್ಲ? ಕಾಗ್ದ ಇತ್ಲಾಗೆ ಕೊಡು."

ತಿಮ್ಮಿ ಕೊಡಲಿಲ್ಲ. ಎದೆಗೊತ್ತಿಕೊಂಡು ಒಳಗೆ ಹೋಗಿ, ದೇವರ ಮುಂದಿದ್ದ ಮೊದಲ ಕಾಗದದ ಪಕ್ಕದಲ್ಲಿ ಅದನ್ನಿಟ್ಟು ಕೈ ಮುಗಿದಳು. ಆಮೇಲೆ ಜಗುಲಿಗೆ ಕೇಳುವ ಹಾಗೆ ಕೂಗಿ ಹೇಳಿದಳು, "ಭಟ್ರೇ, ನಾನೂರ ಇಪ್ಪತ್ತೈದು."